ಮೂರನೇ ಗುಂಡಿ

ಕಾಲರಿನಿಂದ ಕೆಳಗೆ ಮೂರನೆಯ ಗುಂಡಿಗೆ ನಾಲ್ಕನೇ ಸಲ ಸೂಜಿ ಹಾಯಿಸಿ, ದಾರವನ್ನು ಅದರ ಬುಡಕ್ಕೆ ಎರಡು ಸುತ್ತು ಸುತ್ತಿ, ಇನ್ನೇನು ಹಲ್ಲಿನಿಂದ ಕಡಿಯಬೇಕು ಅನ್ನುವಷ್ಟರಲ್ಲಿ ಟೀವಿಯ ಪಕ್ಕದ ಪೆಟ್ಟಿಗೆ ಮತ್ತೆ ಕೆಂಪಗೆ ಮಿಟುಕತೊಡಗಿತು. ಯಾರು ನೋಡುತ್ತಿದ್ದೀರಿ, ಯಾರು ನೋಡುತ್ತಿದ್ದೀರಿ ಎಂದು ಇಪ್ಪತ್ತು ನಿಮಿಷಕ್ಕೊಮ್ಮೆ ಕೇಳುವುದು ಅದರ ಕೆಲಸ. ಅವಳು ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಅಂಗಿಯ ತೋಳಿನಡಿ ಎಡಗೈ ತೂರಿಸಿ ಪುಟ್ಟ ರಿಮೋಟು ಹುಡುಕಿ, ಒಂದನೇ ಗುಂಡಿ ಒತ್ತಿದಳು. ಪೆಟ್ಟಿಗೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಎಂದು ಮೂಡಿತು. ಒಂದು ಅಂದರೆ ಅತ್ತೆ. ಅತ್ತೆ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಇವತ್ತಾದರೂ ಕೈ ತಡೆಯಬೇಕಿತ್ತು ಅನ್ನಿಸಿದ್ದು ಒತ್ತಿಯಾದ ಮೇಲೆ. ಬೆಳಿಗ್ಗೆ ಕಂಪನಿಯಿಂದ ಫೋನು ಬಂದಾಗಿನಿಂದ ಅವಳ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಫೋನು ಎತ್ತಿದ್ದು ಗಂಡ. ಒಂದನೇ ನಂಬರಿನ ಸದಸ್ಯರು, ಎಪ್ಪತ್ತು ದಾಟಿದವರ ಪೈಕಿ ಈ ವರ್ಷದ ಅತ್ಯಂತ ಶಿಸ್ತಿನ ವೀಕ್ಷಕಿ ಎಂದು ಆರಿಸಿ ಬಂದಿದ್ದಾರೆ, ಒಂದೇ ಒಂದು ದಿನವೂ ಗುಂಡಿ ಒತ್ತುವುದು ತಪ್ಪಿಸಿಲ್ಲ, ಸಂಜೆ ನಾಲ್ಕಕ್ಕೆ ನಮ್ಮ ಮೇಡಂ ಬಂದು ಬಹುಮಾನ ಕೊಟ್ಟು ಹೋಗುತ್ತಾರೆ, ಅಜ್ಜಿ ಮನೆಯಲ್ಲೇ ಇರುತ್ತಾರಲ್ಲ? ಗಂಡ ಇವಳನ್ನೊಮ್ಮೆ, ಗೋಡೆಯ ಮೇಲಿದ್ದ ಅಮ್ಮನ ಫೋಟೊವನ್ನೊಮ್ಮೆ ನೋಡಿದ. ಆಮೇಲೆ, "ಮನೇಲೇ ಇರ್ತಾರೆ. ಇನ್ನೆಲ್ಲಿಗೆ ಹೋಗ್ತಾರೆ?" ಎಂದುಬಿಟ್ಟ. ಫೋನಿಟ್ಟು ಇವಳ ಕಡೆ ತಿರುಗಿ, "ಪೆಟ್ಟಿಗೆ ಕೆಟ್ಟಿದೆ ಕಣೇ. ತನ್ನಷ್ಟಕ್ಕೆ ತಾನೇ ಅಮ್ಮನ ಗುಂಡಿ ಒತ್ಕೋತಿದೆ," ಎಂದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಿಟಕಿಯ ಬೆಳಕಿಗೆ ಮುಖ ಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಹೆಬ್ಬೆರಳು ಮುಟ್ಟಿ ನೋಡಿಕೊಂಡಳು.

ಪೆಟ್ಟಿಗೆ ಬಂದದ್ದು ಮೂರು ವರ್ಷದ ಹಿಂದೆ. ಜನ ಟೀವಿಯಲ್ಲಿ ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ಅಳೆಯುವ ಕಂಪನಿ ಅದು. ಅಂದು ಬಂದಿದ್ದ ಮನುಷ್ಯ, ನಿಮ್ಮ ಒಂದು ಮನೆ ಹನ್ನೆರಡು ಸಾವಿರ ಮನೆಗೆ ಸಮ ಎಂದು ಹೇಳಿದ ದಿನದಿಂದ ಗಂಡನ ನಡಿಗೆಯೇ ಬದಲಾಗಿತ್ತು. ಕನ್ನಡಕದಂಗಡಿಯಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಕಣ್ಣಿಗೆ ಗಾಜು ತೇಯ್ದು ಕೂರಿಸಿದ ಅವನಿಗೆ, ಕೊನೆಗೂ ಯಾರೋ ತನ್ನ ದೃಷ್ಟಿಯನ್ನು ಗುರುತಿಸಿದರು ಅನ್ನಿಸಿತ್ತು. ಭಾನುವಾರ ಸಿನಿಮಾ ಹಾಕಿಕೊಂಡು ಎರಡನೇ ಗುಂಡಿ ಒತ್ತಿ ಕೂತರೆ ಹತ್ತು ನಿಮಿಷದಲ್ಲಿ ಕೊಲೆಗಾರ ಯಾರೆಂದು ತೀರ್ಪು ಕೊಡುತ್ತಿದ್ದ. ತೀರ್ಪು ತಪ್ಪಾದರೆ ಅದು ನಿರ್ದೇಶಕನ ತಪ್ಪು. ಬೇಸರವಾಗಿ ಚಾನೆಲ್ ಬದಲಿಸಿದರೆ, "ನೋಡು, ಈಗ ಹನ್ನೆರಡು ಸಾವಿರ ಗಂಡಸರು ಎದ್ದು ಹೊರಗೆ ಹೋದ್ರು," ಎಂದು ಕಾಲು ಚಾಚುತ್ತಿದ್ದ. ಪೆಟ್ಟಿಗೆಯ ವಿಷಯ ಹೊರಗೆ ಯಾರಿಗೂ ಹೇಳಬಾರದೆಂಬ ಕರಾರೊಂದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ಒಮ್ಮೆ ಪಕ್ಕದ ಮನೆಯವರು ಕೂತು ಯಾವುದೋ ಸಿನಿಮಾವನ್ನು ಹೊಗಳುತ್ತಿದ್ದಾಗ ಅವನು ಕುರ್ಚಿಯ ತುದಿಗೆ ಬಂದು, "ಅದು ಓಡಲ್ಲ. ಕಾರಣ ಕೇಳ್ಬೇಡಿ. ನನಗೆ ಗೊತ್ತು," ಎಂದು ಬೆವರಿದ್ದನ್ನು ಅವಳು ನೋಡಿದ್ದಳು.

ಎರಡನೇ ತೋಳಿನ ಪಟ್ಟಿಗೆ ಬಂದಳು. ಬೆಳಿಗ್ಗೆ ಸಿದ್ಧ ಉಡುಪಿನ ಅಂಗಡಿಯಿಂದ ಬಂದ ಕಟ್ಟಿನಲ್ಲಿ ನಲವತ್ತು ಅಂಗಿ. ಒಂದೊಂದಕ್ಕೆ ಮುಂದೆ ಏಳು, ತೋಳಿಗೆ ಎರಡು, ಒಳಮಡಿಕೆಯಲ್ಲಿ ಒಂದು ಹೆಚ್ಚಿನ ಗುಂಡಿ. ಕಾಜಾ ಮಿಷನ್ನಿನಲ್ಲಿ ಆಗಿ ಬರುತ್ತಿತ್ತು, ಗುಂಡಿ ಮಾತ್ರ ಅವಳ ಕೈಯದು. ಕಣ್ಣು ಸೂಜಿಯ ಮೇಲಿರಬೇಕಾದ್ದರಿಂದ ಧಾರಾವಾಹಿ ಅವಳಿಗೆ ಕಿವಿಯಿಂದ ಗೊತ್ತು. ಪಿಟೀಲು ಶುರುವಾಗುವ ಮೊದಲೇ, ಉಸಿರು ಎಳೆದುಕೊಂಡ ರೀತಿಯಿಂದ, ಯಾರು ಸುಳ್ಳು ಹೇಳಲಿದ್ದಾರೆಂದು ತಿಳಿಯುತ್ತಿತ್ತು. ಕಣ್ಣೆತ್ತಿ ನೋಡುತ್ತಿದ್ದುದು ಅತ್ತೆ ಕೇಳಿದಾಗ ಮಾತ್ರ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಶಸ್ತ್ರಚಿಕಿತ್ಸೆ ಅಂದರೆ, "ಇರೋದನ್ನ ನೋಡಿ ಸಾಕಾಗಿದೆ, ಇನ್ನು ಸ್ವಚ್ಛವಾಗಿ ಬೇರೆ ನೋಡ್ಬೇಕಾ?" ಎಂದು ಕೈಯಾಡಿಸಿಬಿಡುತ್ತಿದ್ದರು. ಆದರೂ ಟೀವಿಗೆ ಒಂದು ಮೊಳ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಪರದೆಯ ಜೊತೆ ನೇರವಾಗಿ ಜಗಳಕ್ಕೆ ನಿಲ್ಲುತ್ತಿದ್ದರು. "ಅವನನ್ನ ನಂಬ್ಬೇಡ ಕಣೇ, ಪೆದ್ದಿ! ಏ ಹುಡುಗಿ, ನಿಜವಾಗಿ ಅಳ್ತಿದಾಳಾ ಅವಳು?" ಐವತ್ತು ದಾಟಿದ ಮೇಲೂ ಅತ್ತೆಗೆ ಅವಳು ಹುಡುಗಿಯೇ. "ಕಣ್ಣಲ್ಲಿ ನೀರಿಲ್ಲ ಅತ್ತೆ." "ನಂಗೊತ್ತಿತ್ತು. ಸೀರೆ ಯಾವುದು?" "ಹಸಿರು." ಸೀರೆ ಒಮ್ಮೊಮ್ಮೆ ಹಸಿರಾಗಿರುತ್ತಿರಲಿಲ್ಲ. ಬೆಳಿಗ್ಗೆ ಸಾರಿಗೆ ಉಪ್ಪಿಲ್ಲ ಎಂದು ಅತ್ತೆ ನೆಂಟರ ಮುಂದೆ ಅಂದಿದ್ದ ದಿನ, ಅವಳು ಸೊಸೆಯ ಪಾತ್ರದವಳಿಗೆ ಇಡೀ ಅರ್ಧ ಗಂಟೆ ಬೂದು ಬಣ್ಣ ಉಡಿಸಿದ್ದಳು. ಅದೊಂದೇ ಅವಳ ಸೇಡು. ಆಮೇಲೆ ಸಂಜೆಯವರೆಗೆ ಪಾಪಪ್ರಜ್ಞೆ ಕಾಡಿ ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದ್ದಳು.

ಪೆಟ್ಟಿಗೆ ಜೋಡಿಸಿದ ದಿನ ಆ ಮನುಷ್ಯ, "ಅಜ್ಜಿ ಒಂದು, ಸಾರ್ ಎರಡು, ಇವರು ಮೂರು. ಇವರು ಏನು ನೋಡ್ತಾರೆ?" ಎಂದು ಇವಳ ಕಡೆ ಪೆನ್ನು ತೋರಿಸಿ ಕೇಳಿದ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅವಳೇನು ನೋಡ್ತಾಳಪ್ಪ? ಅವಳು ಗುಂಡಿ ಹೊಲೀತಾಳೆ. ನೋಡೋಳು ನಾನು," ಎಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲ. ಅಲ್ಲಿಂದ ಮುಂದೆ ಮೂರನೇ ಗುಂಡಿಯನ್ನು ಮುಟ್ಟುವುದು ಉದ್ಧಟತನವೆಂಬಂತಾಗಿಹೋಯಿತು. ಅತ್ತೆಗೆ ರಿಮೋಟಿನ ಅಂಕಿ ಕಾಣುತ್ತಿರಲಿಲ್ಲವಾದ್ದರಿಂದ ಒಂದನ್ನು ಒತ್ತುತ್ತಿದ್ದವಳೂ ಅವಳೇ. ಒತ್ತಿ ಒತ್ತಿ ಒಂದನೇ ಅಂಕಿ ಸವೆದು ಬೋಳಾಗಿತ್ತು, ಮೂರು ಮಾತ್ರ ಮೊನ್ನೆ ತಂದಂತೆ ಹೊಳೆಯುತ್ತಿತ್ತು. ಕಂಪನಿಯ ಕಾಗದದ ಪ್ರಕಾರ ಈ ಮನೆಯಲ್ಲಿ ಮೂರು ವರ್ಷದಿಂದ ಕಣ್ಣೆತ್ತಿ ಏನನ್ನೂ ನೋಡದ ಒಬ್ಬ ಹೆಂಗಸು ಇದ್ದಳು. ಅವಳಂಥವರು ಇನ್ನೂ ಹನ್ನೆರಡು ಸಾವಿರ.

ಅತ್ತೆ ಹೋದ ಮೇಲೆ ಬಂದವರೆಲ್ಲ ಹೊರಟು, ಗಂಡ ಅಂಗಡಿಗೆ ಹೋಗಿ, ಮನೆ ಇದ್ದಕ್ಕಿದ್ದಂತೆ ಸಭಾಂಗಣದಷ್ಟು ದೊಡ್ಡದಾಗಿ ಕಂಡ ದಿನ ಅವಳು ಅಂಗಿಯ ಕಟ್ಟು ಬಿಚ್ಚಿಕೊಂಡು ಎರಡೂವರೆಗೆ ಟೀವಿ ಹಾಕಿದಳು. ಪೆಟ್ಟಿಗೆ ಕೇಳಿತು, ಯಾರು ನೋಡುತ್ತಿದ್ದೀರಿ? ಬೆರಳು ತಾನಾಗಿ ಒಂದಕ್ಕೆ ಹೋಯಿತು. ಎರಡನೇ ದಿನ ಬೇಕೆಂದೇ ಒತ್ತಿದಳು. ಒತ್ತದಿದ್ದರೆ ಅತ್ತೆಯನ್ನು ತಾನೇ ತೋಳು ಹಿಡಿದು ಕುರ್ಚಿಯಿಂದ ಎಬ್ಬಿಸಿ ಹೊರಗೆ ಕಳಿಸಿದಂತೆ. ಸದಸ್ಯರು ತೀರಿಕೊಂಡರೆ ತುಂಬಿ ಕಳಿಸಬೇಕಾದ ಒಂದು ಹಾಳೆ ಇತ್ತು. ಎಪ್ಪತ್ತು ದಾಟಿದವರಿಲ್ಲದ ಮನೆಯಿಂದ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾರೆಂದು ತಿಳಿದ ಗಂಡ ಅದನ್ನು ನಾಳೆ, ನಾಡಿದ್ದು ಎನ್ನುತ್ತಾ ಟೀವಿಯ ಕೆಳಗೆ ತಳ್ಳಿದ್ದ. ಧಾರಾವಾಹಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಮನೆಯ ಗುಟ್ಟೆಲ್ಲ ಗೊತ್ತಿದ್ದೂ ಎರಡು ವರ್ಷದಿಂದ ಬಾಯಿ ಬಿದ್ದು ಗಾಲಿ ಕುರ್ಚಿಯಲ್ಲಿ ಕೂತಿದ್ದಳು. "ಬಾಯಿ ಬಿಡೇ ಮುದುಕಿ!" ಎಂದು ಅತ್ತೆ ಗದರದ ದಿನವಿರಲಿಲ್ಲ. ಅತ್ತೆ ಹೋದ ನಾಲ್ಕನೇ ತಿಂಗಳಿಗೆ ಆ ಅಜ್ಜಿ ಮಾತಾಡಿದಳು, ಆರನೇ ತಿಂಗಳಿಗೆ ಎದ್ದು ನಿಂತಳು, ಈಗ ಮೆಟ್ಟಿಲು ಹತ್ತಿ ಮೊಮ್ಮಗನ ಕೆನ್ನೆಗೆ ಬಾರಿಸುತ್ತಿದ್ದಳು. ಇದೆಲ್ಲ ತನ್ನ ಹೆಬ್ಬೆರಳು ದಿನಾ ಟೀವಿ ಮುಂದೆ ಕೂರಿಸುವ ಹನ್ನೆರಡು ಸಾವಿರ ಮುದುಕಿಯರ ಕೆಲಸವೇ ಇರಬೇಕೆಂದು ಅವಳಿಗೆ ಒಳಗೊಳಗೇ ಅನುಮಾನ. ಒಬ್ಬ ಮುದುಕಿಯನ್ನು ಉಳಿಸಲಾಗಲಿಲ್ಲ, ಇನ್ನೊಬ್ಬಳನ್ನು ನಡೆಸಿದೆನಲ್ಲ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೇ ನಾಚಿಕೊಳ್ಳುತ್ತಿದ್ದಳು.

ಮೂರೂಮುಕ್ಕಾಲಿಗೆ ಗಂಡ ಅರ್ಧ ದಿನದ ರಜೆ ಹಾಕಿ ಬಂದವನೇ ಚಪ್ಪಲಿ ಬಿಡದೆ ನಡುಮನೆಗೆ ನುಗ್ಗಿ ಗೋಡೆಯಿಂದ ಅಮ್ಮನ ಫೋಟೊ ತೆಗೆದು ಬೀರುವಿನಲ್ಲಿಟ್ಟ. ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು. "ಏಳು, ಏಳು. ಅಮ್ಮನ ಮಂಚದಲ್ಲಿ ಮಲ್ಕೋ."

"ಯಾರು?"

"ನೀನೇ. ಗೋಡೆ ಕಡೆ ಮುಖ ಮಾಡಿ, ತಲೆ ತುಂಬ ಹೊದ್ಕೋ. ಅಮ್ಮಂಗೆ ಹುಷಾರಿಲ್ಲ ಅಂತೀನಿ. ಬರೋಳು ಹೊಸಬಳು, ಅಮ್ಮನ್ನ ನೋಡೇ ಇಲ್ಲ."

"ರೀ, ನಿಮ್ಗೇನಾದ್ರೂ ತಲೆ ಕೆಟ್ಟಿದ್ಯಾ? ತೀರ್ಕೊಂಡ್ರು ಅಂದ್ಬಿಡೋಣ."

"ಹನ್ನೊಂದು ತಿಂಗಳ ಮೇಲಾ? ಯಾವ ಬಾಯಲ್ಲಿ? ಸತ್ತೋರು ದಿನಾ ಟೀವಿ ಹೇಗೆ ನೋಡಿದ್ರು ಅಂತ ಕೇಳಿದ್ರೆ ಏನನ್ಲಿ? ನೀನು ಹೇಳ್ತೀಯಾ?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದ ಏಕೈಕ ವ್ಯಕ್ತಿಯಾದ ಅವಳು ಎದ್ದು ಅತ್ತೆಯ ಕೋಣೆಯ ಮಂಚದ ಕಡೆ ನಡೆದಳು. ಮಂಚದ ಮೇಲೆ ಗುಂಡಿ ಹೊಲಿದು ಮುಗಿದ ಇಪ್ಪತ್ತೆರಡು ಅಂಗಿಗಳ ರಾಶಿ. ಎತ್ತಿಡಲು ಹೊತ್ತಿರಲಿಲ್ಲ, ಬಾಗಿಲ ಗಂಟೆ ಬಾರಿಸಿತು. ಅವಳು ಅಂಗಿಗಳ ಪಕ್ಕದಲ್ಲೇ ಹೊರಳಿದಳು, ಗಂಡ ಅವಳನ್ನೂ ಅಂಗಿಗಳನ್ನೂ ಒಟ್ಟಿಗೆ ಸೇರಿಸಿ ಕಂಬಳಿ ಹೊದಿಸಿದ. ತೀರಿಕೊಳ್ಳುವಾಗ ಹಂಚಿಕಡ್ಡಿಯಂತಿದ್ದ ಅತ್ತೆ ಈಗ ಮಂಚದ ತುಂಬ ಬೆಳೆದಿದ್ದರು. ಹೊಸ ಬಟ್ಟೆಯ ಗಂಜಿಯ ವಾಸನೆ, ಅದರಡಿಯಲ್ಲಿ ಕಂಬಳಿಗೆ ಇನ್ನೂ ಅಂಟಿಕೊಂಡಿದ್ದ ಅತ್ತೆಯ ನೋವಿನೆಣ್ಣೆಯ ವಾಸನೆ. ಅವಳಿಗೆ ನಗು ಬಂತು, ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಗಂಡ ಬೆಳಿಗ್ಗೆಯೇ ಮೀಟರಮ್ಮ ಎಂದು ಹೆಸರಿಟ್ಟಿದ್ದ ಕಂಪನಿಯ ಮೇಡಂ ಒಳಗೆ ಬಂದ ಸದ್ದಾಯಿತು. ಸುಸ್ತಾದ ಚಪ್ಪಲಿ, ಭಾರದ ಚೀಲ, ಒಂದು ಲೋಟ ನೀರು. "ಅಮ್ಮಂಗೆ ಎರಡು ದಿನದಿಂದ ಜ್ವರ," ಎಂದು ಗಂಡ ಹೇಳುವುದು ಕೇಳಿಸಿತು. ಸುಳ್ಳು ಹೇಳುವಾಗ ಅವನೂ ಧಾರಾವಾಹಿಯವರ ಹಾಗೆಯೇ ಮೊದಲು ಉಸಿರು ಎಳೆದುಕೊಳ್ಳುತ್ತಾನೆ ಎಂದು ಅವಳು ಮೊದಲ ಸಲ ಗಮನಿಸಿದಳು. "ಸೊಸೆ?" "ಅವಳು ಅಂಗಿ ಕೊಡೋಕೆ ಅಂಗಡಿಗೆ ಹೋಗಿದಾಳೆ." ಹೆಜ್ಜೆ ಬಾಗಿಲವರೆಗೆ ಬಂದು ನಿಂತಿತು.

"ಅಜ್ಜಿ, ನಮಸ್ಕಾರ. ಏಳ್ಬೇಡಿ, ಏಳ್ಬೇಡಿ. ಒಂದೆರಡು ಪ್ರಶ್ನೆ ಕೇಳ್ಕೊಂಡು ಹೋಗ್ತೀನಿ. ಇಷ್ಟು ಶಿಸ್ತಾಗಿ ನೋಡೋರು ನಮ್ಗೆ ಸಿಗೋದೇ ಇಲ್ಲ. ನೀವು ದಿನಾ ನೋಡೋ ಧಾರಾವಾಹಿ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

ಒಂದು ಹೂಂ, ಒಂದು ನರಳು, ಅಷ್ಟರಲ್ಲಿ ಮುಗಿಸಬೇಕೆಂದುಕೊಂಡಿದ್ದಳು. ಆದರೆ ಅಭಿಪ್ರಾಯ ಅನ್ನುವ ಆ ಮಾತು ಕಂಬಳಿಯೊಳಗೆ ಬಂದು ಅವಳ ಪಕ್ಕದಲ್ಲಿ ಮಲಗಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಸಿನಿಮಾದ ಬಗ್ಗೆ ಬಾಯಿಬಿಟ್ಟದ್ದು ಒಂದೇ ಸಲ. ಚಿತ್ರಮಂದಿರದ ಕತ್ತಲಲ್ಲಿ ಮೆಲ್ಲಗೆ, "ಆ ಡಾಕ್ಟರೇ ಕೊಲೆ ಮಾಡಿರೋದು ರೀ," ಎಂದಿದ್ದಳು. ಗಂಡ ಶ್‌ ಎಂದಿದ್ದ. ಕೊನೆಗೆ ಡಾಕ್ಟರೇ ಆಗಿದ್ದ. ಮರುದಿನ ಪಕ್ಕದ ಮನೆಯವರಿಗೆ, "ನಾನು ಶುರುವಿನಲ್ಲೇ ಅಂದ್ಕೊಂಡೆ, ಡಾಕ್ಟರು ಅಂತ," ಎಂದು ಗಂಡ ಹೇಳುವಾಗ ಅವಳು ಟೀ ಲೋಟಗಳನ್ನು ಹಂಚುತ್ತಿದ್ದಳು.

ಗಂಟಲು ಒಂದು ಸಲ ಕೆರೆದುಕೊಂಡಿತು, ಥೇಟ್ ಅತ್ತೆಯದೇ ಕೆರೆತ. "ಅಭಿಪ್ರಾಯ ಏನು ಬಂತು ತಾಯಿ? ಆ ಮನೇಲಿ ಯಾರಿಗೂ ಒಂದು ಕೆಲಸ ಇಲ್ಲ. ಯಾರಾದ್ರೂ ಒಂದು ದಿನ ಹರಿದಿದ್ದು ಹೊಲಿದದ್ದು ನೋಡಿದ್ದೀಯಾ? ಪಾತ್ರೆ ತೊಳೆದದ್ದು? ಎಲ್ರೂ ಬಾಗಿಲ ಹಿಂದೆ ನಿಂತು ಕದ್ದು ಕೇಳೋದೇ. ಅಷ್ಟು ದೊಡ್ಡ ಮನೇಲಿ ಗುಟ್ಟು ಮಾತಾಡೋಕೆ ಮೆಟ್ಟಿಲೇ ಬೇಕಾ? ಆ ಸೊಸೆ ಆರು ನೂರು ಕಂತು ಅತ್ಳು, ಕಾಡಿಗೆ ಎಳ್ಳಷ್ಟೂ ಕರಗಿಲ್ಲ. ಆ ಗಂಡು... ಮೇಲಿನ ಎರಡು ಗುಂಡಿ ಯಾವತ್ತಾದ್ರೂ ಹಾಕಿದಾನಾ? ಹೊಲಿದೋಳು ಕಣ್ಣು ಕಳ್ಕೊಂಡು ಹೊಲಿದಿರ್ತಾಳೆ. ಹಾಕ್ದೇ ಇದ್ರೆ ಯಾಕೆ ಹೊಲಿಸ್ಬೇಕು?"

ಮೀಟರಮ್ಮನ ಪೆನ್ನು ಗೀಚುವ ಸದ್ದು ನಿಂತು ಮತ್ತೆ ಶುರುವಾಯಿತು. "ಸಿನಿಮಾ ನೋಡ್ತೀರಾ ಅಜ್ಜಿ?"

"ನನ್ನ ಮಗ ನೋಡ್ತಾನೆ. ಅವನು ಸಿನಿಮಾ ನೋಡಲ್ಲ, ಸಿನಿಮಾಗೆ ಪಾಠ ಹೇಳ್ತಾನೆ."

ಬಾಗಿಲಲ್ಲಿ ಗಂಡ ಕೆಮ್ಮಿದ.

"ಹಾಗಾದ್ರೆ ಇಷ್ಟವಿಲ್ದೆ ಯಾಕಜ್ಜಿ ದಿನಾ ನೋಡ್ತೀರಿ?"

ಇದನ್ನು ಅವಳು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. "ಜೊತೆಗೆ," ಎಂದಳು. "ಒಬ್ಬಳೇ ಕೂತ್ರೆ ಮನೆ ದೊಡ್ಡದಾಗುತ್ತೆ."

"ನಿಮ್ಮ ಸೊಸೆಗೆ ಏನಿಷ್ಟ? ಅವರ ಗುಂಡಿ ಒಂದು ಸಲಾನೂ ಒತ್ತಿಲ್ಲ. ಅವರೇನೂ ನೋಡಲ್ವಾ?"

ಅವಳೇನು ನೋಡ್ತಾಳಪ್ಪ ಎಂಬ ಮಾತು, ಅತ್ತೆಯ ದನಿಯಲ್ಲಿ, ಅತ್ತೆಯ ಏರಿಳಿತದಲ್ಲಿ, ಸಿದ್ಧವಾಗಿ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟಿದ್ದರೆ ನಟನೆ ಸರಿಯಾಗಿರುತ್ತಿತ್ತು. ಆದರೆ ಒಂದು ಮಧ್ಯಾಹ್ನ ಕೈತಪ್ಪಿ ಚಾನೆಲ್ ಬದಲಾಗಿ, ಒಬ್ಬ ಮುದುಕ ಮುರಿದ ಕುರ್ಚಿಯ ಕಾಲಿಗೆ ಅಂಟು ಹಚ್ಚಿ, ಕೈಯಲ್ಲಿ ಹಿಡಿದುಕೊಂಡು ಅದು ಒಣಗುವವರೆಗೆ ಸುಮ್ಮನೆ ಕಾಯುತ್ತ ಕೂತದ್ದು ಅವಳ ಕಣ್ಣ ಮುಂದೆ ಬಂತು. ಸಂಗೀತವಿಲ್ಲ, ಮಾತಿಲ್ಲ. ಅವನ ಜೊತೆ ಕ್ಯಾಮೆರಾವೂ ಕಾಯುತ್ತಿತ್ತು. ಅವಳು ಸೂಜಿ ಕೆಳಗಿಟ್ಟು ನಾಲ್ಕು ನಿಮಿಷ ನೋಡಿದ್ದಳು. ಅಷ್ಟರಲ್ಲಿ ಅತ್ತೆ, "ಯಾಕೇ ಮಾತೇ ಇಲ್ಲ? ಯಾರು ಸತ್ರು?" ಎಂದು ಕೂಗಿದ್ದರು.

"ಅವಳಾ," ಎಂದಿತು ಕಂಬಳಿಯೊಳಗಿನ ದನಿ, ನಿಧಾನವಾಗಿ. "ಅವಳಿಗೆ ಆ ಕುರ್ಚಿ ರಿಪೇರಿ ಮಾಡೋ ಮುದುಕ ಇಷ್ಟ. ಈ ಧಾರಾವಾಹಿ ಹೊತ್ತಿಗೇ ಬರ್ತಾನೆ, ಬೇರೆ ಚಾನೆಲ್ಲಲ್ಲಿ. ನಾನು ಹಾಕೋಕೆ ಬಿಡ್ಲಿಲ್ಲ. ನೋಡು ತಾಯಿ, ನನ್ನ ಕಣ್ಣು ಹೋದ್ಮೇಲೆ ನಾನು ನೋಡಿದ್ದೆಲ್ಲ ಅವಳು ನೋಡಿದ್ದೇ. ಬರ್ಕೋ."

ಅತ್ತೆ ಬದುಕಿದ್ದಾಗ ಅಂಥ ಮಾತು ಆಡಿದವರಲ್ಲ. ಆಡದೆ ಹೋದವರ ಬಾಯಿಂದ ಕದ್ದು ಆಡಿಸಿದಂತಾಯಿತಲ್ಲ ಎಂದು ಅವಳಿಗೆ ಕಿವಿ ಬಿಸಿಯಾಯಿತು. ಆದರೂ ಮಾತು ಎಲ್ಲೋ ತನಗೆ ಬರಬೇಕಾಗಿದ್ದ ಕಾಗದದಂತೆ, ಬೇರೆ ವಿಳಾಸ ಸುತ್ತಿ ಬಂದು ಮುಟ್ಟಿದಂತೆ, ಎದೆಯ ಮೇಲೆ ಹಗುರಾಗಿ ಕೂತಿತು.

"ಒಂದು ಹೆಬ್ಬೆಟ್ಟು ಒತ್ಬಿಡಿ ಅಜ್ಜಿ, ಬಹುಮಾನ ತಲುಪಿತು ಅಂತ." ಮೀಟರಮ್ಮ ಮಂಚದ ಬಳಿಗೇ ಬಂದಳು. ಬೇರೆ ದಾರಿಯಿರಲಿಲ್ಲ, ಅವಳು ಕಂಬಳಿಯಡಿಯಿಂದ ಬಲಗೈ ಹೊರಗೆ ಚಾಚಿದಳು. ಚಾಚಿದ ಮೇಲೆ ನೆನಪಾಯಿತು: ನಡುಬೆರಳಿನಲ್ಲಿ ಸೂಜಿ ಚುಚ್ಚದಿರಲೆಂದು ಹಾಕಿಕೊಂಡ ತಗಡಿನ ಟೋಪಿ ಹಾಗೇ ಇತ್ತು, ಬೆರಳ ಸಂದಿಯಲ್ಲಿ ಒಂದು ಗೇಣು ಬಿಳಿ ದಾರ ನೇತಾಡುತ್ತಿತ್ತು. ಧಾರಾವಾಹಿಯಾಗಿದ್ದರೆ ಇಲ್ಲಿಗೆ ಜಾಹೀರಾತು ಬರುತ್ತಿತ್ತು. ಬರಲಿಲ್ಲ. ಒಂದು ಒರಟು, ಬೆಚ್ಚಗಿನ ಕೈ ಅವಳ ಕೈ ಹಿಡಿದು, ದಾರವನ್ನು ಬಿಡಿಸಿ, ತಗಡಿನ ಟೋಪಿಯನ್ನು ತೆಗೆದು ದಿಂಬಿನ ಪಕ್ಕದಲ್ಲಿಟ್ಟು, ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿತು. "ಕೈ ಗಟ್ಟಿಯಾಗಿದೆ ಅಜ್ಜಿ," ಎಂದಳು ಮೀಟರಮ್ಮ. "ತುಂಬ ವರ್ಷ ಬಾಳ್ತೀರಿ."

ಹೊರಬಾಗಿಲಲ್ಲಿ ಮೀಟರಮ್ಮ ನಿಂತದ್ದು ಕೇಳಿಸಿತು. "ಆ ಗೋಡೆ ಮೇಲೆ ಏನೋ ಇತ್ತು ಅನ್ಸುತ್ತೆ, ಬಿಳಿ ಚೌಕ ಕಾಣ್ತಿದೆ."

"ಗಡಿಯಾರ," ಎಂದ ಗಂಡ, ಉಸಿರು ಎಳೆದುಕೊಂಡು.

"ಸರಿ. ಸೊಸೆ ಬಂದ್ರೆ ಒಂದು ಮಾತು ಹೇಳಿ. ಮೂರನೇ ಗುಂಡಿ ಪರೀಕ್ಷೆ ಮಾಡಿದೀನಿ. ಚೆನ್ನಾಗಿ ಕೆಲಸ ಮಾಡುತ್ತೆ."

ಬಾಗಿಲು ಹಾಕಿದ್ದೇ ಗಂಡ ಓಡಿ ಬಂದು ಕಂಬಳಿ ಎಳೆದ. ಮುಖ ಬೆಳಗುತ್ತಿತ್ತು. "ಅಬ್ಬಾ, ಏನು ನಟನೆಯೇ! ಥೇಟ್ ಅಮ್ಮ! ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ." ಹಾಗೇ ಮಂಚದ ತುದಿಗೆ ಕೂತು, ಭಾನುವಾರದ ಮುಖ ಮಾಡಿಕೊಂಡ. "ಶುರು ಚೆನ್ನಾಗಿತ್ತು. ಮಧ್ಯೆ ನನ್ನ ಬಗ್ಗೆ ಅಂದದ್ದು ಅನವಶ್ಯಕ, ಆದ್ರೂ ಹಾಸ್ಯಕ್ಕೆ ಇರ್ಲಿ. ಕೊನೇಲಿ ಮಾತ್ರ ಸ್ವಲ್ಪ ಎಳೆದೆ. ಸೊಸೆ ಬಗ್ಗೆ ಅಂದ್ಯಲ್ಲ, ಅದು ಪಾತ್ರಕ್ಕೆ ಹೊಂದಲ್ಲ. ಅಮ್ಮ ಯಾವತ್ತೂ ಹಾಗೆ ಅನ್ನೋಳಲ್ಲ."

"ಅನ್ನೋರಲ್ಲ," ಎಂದು ಅವಳು ಒಪ್ಪಿಕೊಂಡಳು.

"ಮತ್ತೆ ಆ ಕುರ್ಚಿಯವನು ಯಾರು? ಎಲ್ಲಿಂದ ಹೊಳೀತು?"

"ಏನೋ ಬಾಯಿಗೆ ಬಂತು ರೀ."

ಬಹುಮಾನವೆಂದು ಬಂದದ್ದು ಬಿಸಿನೀರಿನ ಒಂದು ಫ್ಲಾಸ್ಕು, ಚಿನ್ನದ ಅಂಚಿನ ಒಂದು ಪ್ರಶಸ್ತಿಪತ್ರ. ಗಂಡ ಅಮ್ಮನ ಫೋಟೊವನ್ನು ಬೀರುವಿನಿಂದ ತೆಗೆದು ಬಿಳಿ ಚೌಕದ ಮೇಲೆ ತೂಗುಹಾಕಿ, ಪಕ್ಕದಲ್ಲಿ ಪ್ರಶಸ್ತಿಪತ್ರಕ್ಕೆ ಮೊಳೆ ಹೊಡೆದ. ಫೋಟೊದಲ್ಲಿ ಅತ್ತೆ ಎಂದಿನಂತೆ ಕಣ್ಣು ಕಿರಿದು ಮಾಡಿ, ಏ ಹುಡುಗಿ, ಅದೇನದು ಹೊಳೀತಿರೋದು ಎಂದು ಕೇಳುವಂತಿದ್ದರು. "ಹಸಿರು, ಅತ್ತೆ," ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಆಮೇಲೆ ತಿದ್ದಿಕೊಂಡಳು. "ಇಲ್ಲ ಅತ್ತೆ. ಚಿನ್ನದ ಬಣ್ಣ."

ಉಳಿದ ಹದಿನೆಂಟು ಅಂಗಿಗಳನ್ನು ಎಳೆದುಕೊಂಡು ಕೂತಾಗ ಹೆಬ್ಬೆರಳಿನ ಮಸಿ ಇನ್ನೂ ಆರಿರಲಿಲ್ಲ. ಬಿಳಿ ಬಟ್ಟೆಗೆ ತಾಗದಂತೆ ಅದನ್ನು ಎತ್ತಿ ಹಿಡಿದು ಹೊಲಿಯತೊಡಗಿದಳು. ಗಂಡ ನಡುಮನೆಯಲ್ಲಿ ಯಾವುದೋ ಸಿನಿಮಾ ಹಾಕಿ ಎರಡನೇ ಗುಂಡಿ ಒತ್ತಿಕೊಂಡು, ಆ ಮಾವನೇ ಕಳ್ಳ, ಬರೆದುಕೊಡಲಾ, ಎನ್ನುತ್ತಿದ್ದ. ಮಾವನ ಉಸಿರಿನ ಪ್ರಕಾರ ಅವನು ಕಳ್ಳನಲ್ಲ, ಸುಮ್ಮನೆ ಸುಸ್ತಾದ ಮನುಷ್ಯ, ಎಂದು ಅವಳಿಗೆ ಗೊತ್ತಾಯಿತು. ಆದರೆ ಅವಳ ಲಕ್ಷ್ಯ ಅಲ್ಲಿರಲಿಲ್ಲ. ಇಷ್ಟು ಶಿಸ್ತಿನ ಹೆಂಗಸನ್ನು ಒಂದೇ ಏಟಿಗೆ ಸಾಯಿಸುವುದು ಚೆನ್ನಾಗಿರುವುದಿಲ್ಲ. ಧಾರಾವಾಹಿಯವರೂ ಹಾಗೆ ಮಾಡುವುದಿಲ್ಲ, ಮೊದಲು ಕೆಮ್ಮಿಸುತ್ತಾರೆ. ಸೋಮವಾರ ಅತ್ತೆ ಮೂರು ಗಂಟೆಯ ಹೊತ್ತಿಗೆ ತೂಕಡಿಸಲಿ, ಆಗ ಒಂದನೇ ಗುಂಡಿ ಒತ್ತುವುದು ಬೇಡ. ಬುಧವಾರ ಜಾಹೀರಾತು ಬರುತ್ತಲೇ ಎದ್ದು ಹೋಗಲಿ. ಬರುವ ವಾರ ಒಂದು ದಿನ ಪೂರ್ತಿ ಬರದೇ ಇರಲಿ. ಯಾರಾದರೂ ಫೋನು ಮಾಡಿ ಕೇಳಿದರೆ ಮೈಗೆ ಹುಷಾರಿಲ್ಲ ಅಂದರಾಯಿತು. ತಿಂಗಳ ಕೊನೆಗೆ, ಯಾರಿಗೂ ಗಾಬರಿಯಾಗದಂತೆ, ಗೌರವದಿಂದ ಹೋಗಿಬಿಡಲಿ. ಆಮೇಲೆ ಟೀವಿಯ ಕೆಳಗಿನ ಆ ಹಾಳೆ ತುಂಬಿದರಾಯಿತು. ಪೆಟ್ಟಿಗೆ ಎತ್ತಿಕೊಂಡು ಹೋದರೆ ಹೋಗಲಿ. ಅವರು ಬರುವವರೆಗೆ ಒಂದಷ್ಟು ದಿನ ಸಿಕ್ಕರೂ ಸಾಕು. ಪ್ರತಿ ದಿನ ಪೆಟ್ಟಿಗೆಯ ಮೇಲೆ ಒಂದು ಎಂಬ ಅಂಕಿ ಆರಿದ ಗಳಿಗೆಗೆ ಮೂರು ಎಂಬುದು ಹೊತ್ತಿಕೊಳ್ಳಬೇಕು, ಚಾನೆಲ್ ಬದಲಾಗಬೇಕು, ಮುದುಕ ಅಂಟು ಹಚ್ಚಿದ ಕಾಲನ್ನು ಹಿಡಿದು ಕಾಯಬೇಕು. ಹನ್ನೆರಡು ಸಾವಿರ ಹೆಂಗಸರು ಸೂಜಿ ಕೆಳಗಿಟ್ಟು, ಕಣ್ಣೆತ್ತಿ, ಅವನ ಜೊತೆ ಕಾಯಬೇಕು.

"ಏನೇ ಒಬ್ಬಳೇ ನಗ್ತಿದೀಯಾ?" ಎಂದು ಗಂಡ ನಡುಮನೆಯಿಂದ ಕೇಳಿದ.

"ಏನಿಲ್ಲ ರೀ," ಎಂದಳು. ಅಂಗಿಯ ಒಳಮಡಿಕೆಯನ್ನು ತಿರುಗಿಸಿ, ಯಾರೂ ನೋಡದ ಆ ಹೆಚ್ಚಿನ ಗುಂಡಿಗೆ ಎಂದಿಗಿಂತ ಒಂದು ಸುತ್ತು ಜಾಸ್ತಿ ದಾರ ಸುತ್ತಿ, ಗಂಟು ಬಿಗಿದು, ಹಲ್ಲಿನಿಂದ ಕಡಿದಳು.